ಪ್ರದರ್ಶನದಲ್ಲಿ ಕೊಟ್ಟ ಉಡುಗೊರೆ ಯಂತ್ರದ ಪಕ್ಕದಲ್ಲಿ ಉಳಿಯಬೇಕಾದರೆ

ಡ್ರಿಲ್, ಟ್ಯಾಪ್ (ರಂಧ್ರದೊಳಗೆ ಸ್ಕ್ರೂ ಎಳೆ ಕೊರೆಯುವ ಸಾಧನ), ರೀಮರ್ (ಕೊರೆದ ರಂಧ್ರವನ್ನು ನಿಖರ ಅಳತೆಗೆ ತರುವ ಸಾಧನ) ಮೊದಲಾದ ಕಟಿಂಗ್ ಟೂಲ್‌ಗಳನ್ನು ತಯಾರಿಸುವ ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಮಾರಾಟ ವಿಭಾಗದಲ್ಲಿ ನಾನು ಬಹುಕಾಲದಿಂದ ಕೆಲಸ ಮಾಡುತ್ತಿದ್ದೇನೆ. ತುಮಕೂರು ರಸ್ತೆಯ ಮಾದಾವರದ ಬಳಿಯಿರುವ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ (ಬಿಐಇಸಿ) ಭಾರತೀಯ ಮೆಷಿನ್ ಟೂಲ್ ತಯಾರಕರ ಸಂಘವು ನಡೆಸುವ ಇಮ್‌ಟೆಕ್ಸ್ ನಮ್ಮ ಉದ್ಯಮದ ಅತಿ ದೊಡ್ಡ ಪ್ರದರ್ಶನ. ಅದರಲ್ಲಿ ನಮ್ಮ ಸ್ಟಾಲ್ ಹಾಕುವಾಗ ಯಂತ್ರ, ಬೋರ್ಡು, ದೀಪಗಳ ಹೊಣೆ ಬೇರೆಯವರದು. ಬಂದವರ ಕೈಗೆ ಏನನ್ನು ಕೊಟ್ಟು ಕಳುಹಿಸಬೇಕು ಎಂಬುದರ ಹೊಣೆ ನನ್ನದು. ಇದನ್ನು ಸಣ್ಣ ಕೆಲಸವೆಂದು ಎಣಿಸುವವರು ಬಹಳ ಮಂದಿ ಇದ್ದಾರೆ. ಸ್ಟಾಲಿನ ಬಾಡಿಗೆ, ಅಲಂಕಾರ, ಪ್ರಯಾಣ ಎಲ್ಲವೂ ಪ್ರದರ್ಶನ ಮುಗಿದ ದಿನವೇ ಮುಗಿದು ಹೋಗುವ ಖರ್ಚುಗಳು, ಆಮೇಲೂ ಗ್ರಾಹಕನ ಜೊತೆಗೆ ಉಳಿಯುವುದು ನಾವು ಕೊಟ್ಟ ವಸ್ತುವೊಂದೇ ಎಂದು ನಂಬಿ ನಾನು ಈ ಕೆಲಸವನ್ನು ಮಾಡುತ್ತಾ ಬಂದಿದ್ದೇನೆ.

ಯಾವ ವಸ್ತುವನ್ನು ಕೊಡಬೇಕೆಂದು ತೀರ್ಮಾನಿಸಲು ನಾನು ಗಿಫ್ಟ್ ಕ್ಯಾಟಲಾಗ್‌ಗಳನ್ನು ತಿರುವಿ ಹಾಕಲಿಲ್ಲ. ಗ್ರಾಹಕರ ವರ್ಕ್‌ಶಾಪ್‌ಗಳಿಗೆ ಹೋದಾಗಲೆಲ್ಲ ಯಂತ್ರದ ಪಕ್ಕದಲ್ಲಿ ಏನಿದೆ, ಟೂಲ್ ಕಪಾಟಿನ ಬಾಗಿಲ ಮೇಲೆ ಏನನ್ನು ಅಂಟಿಸಿದ್ದಾರೆ, ಫೋರ್‌ಮನ್ ಅವರ ಜೇಬಿನಲ್ಲಿ ಏನಿರುತ್ತದೆ ಎಂದು ಗಮನಿಸುತ್ತಿದ್ದೆ. ಪೆನ್ನುಗಳು ಎಲ್ಲೆಡೆಯೂ ಇದ್ದವು, ಆದರೆ ಯಾರ ಪೆನ್ನು ಯಾರ ಜೇಬಿನಲ್ಲಿದೆಯೆಂದು ಹೇಳುವಂತಿರಲಿಲ್ಲ. ಅವುಗಳ ಮೇಲಿನ ಹೆಸರನ್ನು ಓದಿದವರು ಒಬ್ಬರೂ ಇರಲಿಲ್ಲ. ಕೀ ಚೈನ್‌ಗಳು ಮನೆ ಸೇರಿದ್ದವು. ಉಳಿದುಕೊಂಡಿದ್ದವು ಎರಡೇ: ಎಣ್ಣೆಯ ಬೆರಳಚ್ಚು ಮೆತ್ತಿ ಅರ್ಧ ಅಳಿಸಿಹೋಗಿದ್ದರೂ ಟೇಪು ಹಚ್ಚಿ ಉಳಿಸಿಕೊಂಡಿದ್ದ ಟ್ಯಾಪ್ ಡ್ರಿಲ್ ಚಾರ್ಟ್, ಮತ್ತು ಆರು ಇಂಚಿನ ಸ್ಟೀಲ್ ಸ್ಕೇಲ್. ಕೆಲಸ ಮಾಡುವವನಿಗೆ ದಿನಕ್ಕೆ ಹತ್ತು ಸಲ ಬೇಕಾಗುವ ವಸ್ತುವೇ ನಮ್ಮ ಹೆಸರನ್ನು ಹೊತ್ತಿರಬೇಕು ಎಂಬ ನಿರ್ಧಾರಕ್ಕೆ ನಾನು ಬಂದದ್ದು ಹೀಗೆ, ಮತ್ತು ಅಲ್ಲಿಂದ ಮುಂದೆ ನಾವು ಈ ಎರಡು ವಸ್ತುಗಳನ್ನೇ ಸುಧಾರಿಸುತ್ತಾ ಬಂದಿದ್ದೇವೆ.

ಮೊದಲನೆಯದು ಕಾರ್ಡು. ಅದು ಗುರುತಿನ ಚೀಟಿಯ ಅಳತೆಯಲ್ಲಿ, ಅಂದರೆ ಸುಮಾರು 86 ಮಿ.ಮೀ. ಉದ್ದ, 54 ಮಿ.ಮೀ. ಅಗಲ ಇದ್ದರೆ ಅಂಗಿಯ ಜೇಬಿಗೂ ಪರ್ಸಿಗೂ ಒಗ್ಗುತ್ತದೆ. ಮುಂಬದಿಯಲ್ಲಿ ಎಂ3ರಿಂದ ಎಂ24ರವರೆಗಿನ (ಎಂ ನಂತರದ ಅಂಕಿ ಸ್ಕ್ರೂವಿನ ಹೊರವ್ಯಾಸ, ಮಿ.ಮೀ.ಗಳಲ್ಲಿ) ಟ್ಯಾಪ್‌ಗಳಿಗೆ ಯಾವ ಡ್ರಿಲ್ ಹಾಕಬೇಕೆಂಬ ಪಟ್ಟಿ ಇದೆ: ಎಂ6ಕ್ಕೆ 5 ಮಿ.ಮೀ., ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2. ಹೊರವ್ಯಾಸದಿಂದ ಪಿಚ್ ಅನ್ನು (ಎಳೆಯಿಂದ ಎಳೆಗಿರುವ ಅಂತರ) ಕಳೆದರೆ ಡ್ರಿಲ್ಲಿನ ಅಳತೆ ಸಿಗುತ್ತದೆಯೆಂಬ ಸೂತ್ರವನ್ನು ಪಟ್ಟಿಯ ಕೆಳಗೆ ಒಂದೇ ಸಾಲಿನಲ್ಲಿ ಬರೆಸಿದೆವು. ಪಟ್ಟಿಯಲ್ಲಿಲ್ಲದ ಫೈನ್ ಪಿಚ್ ಎದುರಾದರೂ ಆಪರೇಟರ್ ತಾನೇ ಲೆಕ್ಕ ಹಾಕಿಕೊಳ್ಳಬಹುದು. ಹಿಂಬದಿಯಲ್ಲಿ ಸ್ಪಿಂಡಲ್ ವೇಗದ (ಡ್ರಿಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂಬ) ಸೂತ್ರ ಮತ್ತು ಅದಕ್ಕೊಂದು ಬಿಡಿಸಿದ ಲೆಕ್ಕ ಇದೆ: 10 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ಲಿಗೆ ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ 25 ಮೀಟರ್ ಕತ್ತರಿಸುವ ವೇಗ ಹಿಡಿದರೆ, 1000 ಗುಣಿಲೆ 25 ಅನ್ನು 3.14 ಗುಣಿಲೆ 10ರಿಂದ ಭಾಗಿಸಿ, ಸುಮಾರು 800 ಆರ್‌ಪಿಎಂ. ಬರಿಯ ಸೂತ್ರಕ್ಕಿಂತ ಹೀಗೆ ಬಿಡಿಸಿಟ್ಟ ಒಂದು ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದನ್ನು ನೋಡಿ ಸಂಖ್ಯೆಯನ್ನಷ್ಟೇ ಬದಲಾಯಿಸಿಕೊಂಡರೆ ಸಾಕು. ಎಚ್7 ಎಂಬ ದರ್ಜೆಯ ರಂಧ್ರಗಳ ಟಾಲರೆನ್ಸ್‌ಗೂ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಒಂದು ಮೂಲೆ ಕೊಟ್ಟಿದ್ದೇವೆ. 18ರಿಂದ 30 ಮಿ.ಮೀ. ವರೆಗಿನ ವ್ಯಾಸಕ್ಕೆ 21 ಮೈಕ್ರಾನ್, 30ರಿಂದ 50ರವರೆಗೆ 25 ಮೈಕ್ರಾನ್ ಎಂಬುದು ರೀಮರ್ ಬಳಸುವವರಿಗೆ ಸದಾ ಬೇಕಾಗುವ ಅಂಕಿ.

ನಮ್ಮ ಲೋಗೋ ಈ ಕಾರ್ಡಿನ ಒಂದು ಅಂಚಿನಲ್ಲಿ ಮಾತ್ರ ಇದೆ. ಲೋಗೋ ದೊಡ್ಡದಾಗಬೇಕು, ಉತ್ಪನ್ನಗಳ ಚಿತ್ರ ಬರಬೇಕು ಎಂಬ ಒತ್ತಾಯ ಒಳಗಿನಿಂದ ಬಂದೇ ಬರುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ. ಅಂಕಿಗಳ ಅಕ್ಷರ ಚಿಕ್ಕದಾದರೆ ನಲವತ್ತು ದಾಟಿದ ಫೋರ್‌ಮನ್ ಆ ಕಾರ್ಡನ್ನು ಬಿಟ್ಟುಬಿಡುತ್ತಾರೆ, ಕಾರ್ಡೇ ಹೋದ ಮೇಲೆ ಲೋಗೋ ಎಷ್ಟು ದೊಡ್ಡದಿದ್ದರೇನು? ಕಾಗದದ ಮೇಲೆ ಲ್ಯಾಮಿನೇಷನ್ ಮಾಡಿಸಿದರೆ ಅಂಚಿನಿಂದ ಕೂಲಂಟ್ (ಕತ್ತರಿಸುವಾಗ ತಂಪಿಗೆ ಹರಿಸುವ ದ್ರವ) ಒಳಗಿಳಿದು ಪದರ ಬಿಡುತ್ತದೆಯಾದ್ದರಿಂದ ಹರಿಯದ ಸಿಂಥೆಟಿಕ್ ಹಾಳೆಯನ್ನು ಬಳಸುತ್ತೇವೆ ಮತ್ತು ಮೂಲೆಗಳನ್ನು ದುಂಡಗೆ ಕತ್ತರಿಸುತ್ತೇವೆ. ಮುದ್ರಣಕ್ಕೆ ಹೋಗುವ ಮೊದಲು ಪ್ರತಿಯೊಂದು ಅಂಕಿಯನ್ನೂ ನಮ್ಮ ಟೂಲ್ ರೂಮಿನ ಹಿರಿಯರೊಬ್ಬರು ಓದಿ ಸಹಿ ಹಾಕಬೇಕೆಂಬುದು ನಾನಿಟ್ಟುಕೊಂಡ ನಿಯಮ. ಒಂದು ತಪ್ಪು ಅಂಕಿಯಿಂದ ಯಾರದೋ ವರ್ಕ್‌ಶಾಪಿನಲ್ಲಿ ಟ್ಯಾಪ್ ಮುರಿದು ತಯಾರಾಗುತ್ತಿದ್ದ ಭಾಗ ಹಾಳಾದರೆ ಅದನ್ನು ಸರಿಪಡಿಸುವ ಜಾಹೀರಾತು ಯಾವುದೂ ಇಲ್ಲ.

ಎರಡನೆಯದು 150 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸ್ಕೇಲ್. ಇದರಲ್ಲಿ ಅಗ್ಗದ ಮಾಲು ಬೇಕಾದಷ್ಟು ಸಿಗುತ್ತದೆ, ಆದರೆ ಅರ್ಧ ಮಿಲಿಮೀಟರ್ ಗೆರೆಗಳು ಸ್ಪಷ್ಟವಾಗಿಲ್ಲದ, ಅಂಚು ನೇರವಿಲ್ಲದ ಸ್ಕೇಲನ್ನು ನಿಖರತೆಯನ್ನೇ ಮಾರುವ ಕಾರ್ಖಾನೆ ಕೊಡಬಾರದು. ಆದ್ದರಿಂದ ಅಳತೆ ಸಾಧನಗಳ ತಯಾರಕರಿಂದಲೇ, ಹಿಂಬದಿಯನ್ನು ಖಾಲಿ ಬಿಟ್ಟ ಸ್ಕೇಲ್‌ಗಳನ್ನು ತರಿಸುತ್ತೇವೆ. ಹೆಸರನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಾಗಲಿ ಪ್ಯಾಡ್ ಪ್ರಿಂಟಿಂಗ್‌ನಲ್ಲಾಗಲಿ ಹಾಕಿಸಿದರೆ ನೋಡಲು ಚೆಂದ, ಬಣ್ಣವೂ ಬರುತ್ತದೆ. ಆದರೆ ಎಣ್ಣೆ, ಕೂಲಂಟ್, ಒರೆಸುವ ಬಟ್ಟೆಯ (ಬನಿಯನ್ ವೇಸ್ಟ್) ಉಜ್ಜಾಟಕ್ಕೆ ಆ ಬಣ್ಣ ಹೆಚ್ಚು ದಿನ ತಡೆಯುವುದಿಲ್ಲ. ನಮ್ಮಲ್ಲಿ ಡ್ರಿಲ್ಲಿನ ಶ್ಯಾಂಕಿನ (ಯಂತ್ರ ಹಿಡಿಯುವ ಹಿಂಭಾಗದ) ಮೇಲೆ ಅಳತೆ ಮತ್ತು ಗ್ರೇಡ್ ಬರೆಯಲು ಹೇಗೂ ಫೈಬರ್ ಲೇಸರ್ ಯಂತ್ರವಿತ್ತು, ಅದರಲ್ಲೇ ಸ್ಕೇಲಿನ ಮೇಲೂ ಗುರುತು ಹಾಕತೊಡಗಿದೆವು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಲೇಸರಿನ ಶಕ್ತಿಯನ್ನು ಹೆಚ್ಚಿಟ್ಟು ಲೋಹವನ್ನು ಆಳವಾಗಿ ಕೆತ್ತಿದರೆ ಆ ಗೀರಿನಲ್ಲಿ ಕೊಳೆ ಕೂರುತ್ತದೆ, ಒದ್ದೆ ವಾತಾವರಣದಲ್ಲಿ ತುಕ್ಕು ಹಿಡಿಯುವ ಸಂಭವವೂ ಇರುತ್ತದೆ. ಬದಲಿಗೆ ಮೇಲ್ಮೈಯನ್ನು ಕೇವಲ ಕಾಯಿಸುವ ಅನೀಲಿಂಗ್ ವಿಧಾನದಲ್ಲಿ ಲೋಹ ಕಳಚುವುದಿಲ್ಲ, ಆಕ್ಸೈಡ್ ಪದರವೊಂದು ಮೂಡಿ ಅಕ್ಷರ ಕಪ್ಪಗೆ ಕಾಣುತ್ತದೆ, ಬೆರಳಾಡಿಸಿದರೆ ಮೇಲ್ಮೈ ನುಣುಪಾಗಿಯೇ ಇರುತ್ತದೆ. ಇದಕ್ಕೆ ಸಮಯ ತುಸು ಹೆಚ್ಚು, ಆದರೆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಹೊಳೆಯುವ ಸ್ಟೀಲಿನ ಮೇಲೆ ಕ್ಯೂಆರ್ ಕೋಡ್ ಮಾತ್ರ ಹಾಕುವುದಿಲ್ಲ. ಬೆಳಕು ಪ್ರತಿಫಲಿಸಿ ಮೊಬೈಲ್ ಕ್ಯಾಮೆರಾಕ್ಕೆ ಅದು ಸರಿಯಾಗಿ ಸಿಗುವುದಿಲ್ಲ. ಅದರ ಜಾಗ ಕಾರ್ಡಿನ ಮೇಲೆ.

ಈ ಲೇಸರ್ ಯಂತ್ರವನ್ನೇ ಸ್ಟಾಲಿಗೆ ಕೊಂಡೊಯ್ದದ್ದು ನಮ್ಮ ಕೆಲಸದಲ್ಲಿ ಅತ್ಯಂತ ಫಲ ಕೊಟ್ಟ ಏರ್ಪಾಡು. ಬಂದವರ ಹೆಸರನ್ನು ಅವರ ಕಣ್ಣೆದುರೇ ಸ್ಕೇಲಿನ ಮೇಲೆ ಬರೆದುಕೊಡುತ್ತೇವೆ. ಲೇಸರಿನ ಬೆಳಕು ಕಣ್ಣಿಗೆ ಅಪಾಯಕಾರಿಯಾದ್ದರಿಂದ ಅದಕ್ಕೆ ಪೂರ್ತಿ ಮುಚ್ಚಿದ ಕವಚ, ಬಾಗಿಲು ತೆರೆದರೆ ತಾನಾಗಿ ಆರುವ ಸ್ವಿಚ್ ಮತ್ತು ಹೊಗೆ ಹೀರುವ ವ್ಯವಸ್ಥೆ ಇರಲೇಬೇಕು. ಇವಿಲ್ಲದ ಬಯಲು ಯಂತ್ರವನ್ನು ಜನಸಂದಣಿಯ ನಡುವೆ ಇಡುವ ಮಾತೇ ಇಲ್ಲ. ಹೆಸರು ಟೈಪ್ ಮಾಡಿ, ಸ್ಕೇಲ್ ಕೂರಿಸಿ, ಗುರುತು ಹಾಕಿ ಒರೆಸಿಕೊಡುವಷ್ಟರಲ್ಲಿ ಎರಡು ಮೂರು ನಿಮಿಷ ಹಿಡಿಯುತ್ತದೆ. ಆ ಬಿಡುವಿನಲ್ಲಿ ನಮ್ಮ ಎಂಜಿನಿಯರ್ ಅವರ ಪಕ್ಕ ನಿಂತು, ನೀವು ಯಾವ ಮೆಟೀರಿಯಲ್ ಕತ್ತರಿಸುತ್ತೀರಿ, ಈಗ ಒಂದು ಡ್ರಿಲ್ಲಿಗೆ ಎಷ್ಟು ರಂಧ್ರ ಬರುತ್ತಿದೆ, ತೊಂದರೆ ಎಲ್ಲಿದೆ ಎಂದು ಕೇಳುತ್ತಾರೆ. ಸುಮ್ಮನೆ ಕೈಗೆ ಉಡುಗೊರೆ ಕೊಟ್ಟಿದ್ದರೆ ಮುಂದಿನ ಸ್ಟಾಲಿಗೆ ನಡೆದುಬಿಡುತ್ತಿದ್ದ ವ್ಯಕ್ತಿ ಈಗ ನಿಂತು ಮಾತನಾಡುತ್ತಾರೆ, ಮತ್ತು ನಮ್ಮ ಎನ್‌ಕ್ವೈರಿ ಚೀಟಿಯಲ್ಲಿ ಬರಿಯ ಫೋನ್ ನಂಬರಿನ ಬದಲು ನಿಜವಾದ ಕೆಲಸದ ವಿವರ ಸೇರುತ್ತದೆ. ಫೋನ್ ನಂಬರ್ ಕೊಟ್ಟರೆ ಮಾತ್ರ ಸ್ಕೇಲ್ ಎಂಬ ಷರತ್ತನ್ನು ನಾವು ಎಂದೂ ಹಾಕಿಲ್ಲ. ಒತ್ತಾಯಕ್ಕೆ ಕೊಟ್ಟ ನಂಬರಿಗೆ ಕರೆ ಮಾಡಿದರೆ ಅತ್ತಲಿಂದ ಬರುವ ಉತ್ತರ ಎಂಥದೆಂದು ಮಾರಾಟದಲ್ಲಿರುವ ಎಲ್ಲರಿಗೂ ತಿಳಿದಿದೆ.

ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳುವವರು ಬಹಳ. ಲೇಸರ್ ಯಂತ್ರದ ತಂತ್ರಾಂಶದಲ್ಲಿ ಕನ್ನಡವನ್ನು ನೇರವಾಗಿ ಟೈಪ್ ಮಾಡಿದರೆ ನಮ್ಮ ಯಂತ್ರದಲ್ಲಿ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತಿದ್ದವು. ಕೃಷ್ಣಪ್ಪನವರ ಹೆಸರನ್ನು ಹಾಗೆ ಮುರಿದು ಬರೆದುಕೊಡುವುದು ಸಾಧ್ಯವಿರಲಿಲ್ಲ. ಆದ್ದರಿಂದ ಪಕ್ಕದಲ್ಲೊಂದು ಲ್ಯಾಪ್‌ಟಾಪ್ ಇಟ್ಟು, ಹೆಸರನ್ನು ಡ್ರಾಯಿಂಗ್ ತಂತ್ರಾಂಶದಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿ ಲೇಸರಿಗೆ ಕಳುಹಿಸುತ್ತೇವೆ. ತೆಳು ಗೆರೆಯ ಫಾಂಟ್ ಬೇಡ, ದಪ್ಪನೆಯ ಸರಳ ಅಕ್ಷರವೇ ಚೆನ್ನಾಗಿ ಮೂಡುತ್ತದೆ. ವರ್ಕ್‌ಶಾಪಿನಲ್ಲಿ ಎಲ್ಲರ ಸ್ಕೇಲೂ ಒಂದೇ ತರಹ ಇರುವಲ್ಲಿ ತನ್ನ ಹೆಸರಿರುವ ಸ್ಕೇಲನ್ನು ಯಾರೂ ಕಳೆದುಕೊಳ್ಳುವುದಿಲ್ಲ, ಬೇರೆಯವರು ಎತ್ತಿಕೊಂಡು ಹೋಗುವುದೂ ಇಲ್ಲ.

ಯಾರಿಗೆ ಏನು ಎಂಬುದನ್ನು ಸ್ಟಾಲಿನಲ್ಲಿ ನಿಲ್ಲುವ ಎಲ್ಲರಿಗೂ ಮೊದಲೇ ಹೇಳಿರುತ್ತೇವೆ. ಕಾರ್ಡು ಕೇಳಿದವರೆಲ್ಲರಿಗೂ, ಸ್ಕೇಲ್ ಮಾತನಾಡಿದವರಿಗೆ. ಗುಂಪಾಗಿ ಬರುವ ಡಿಪ್ಲೊಮಾ, ಐಟಿಐ, ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ವಿದ್ಯಾರ್ಥಿಗಳನ್ನು ಗಿಫ್ಟ್ ಕೇಳಲು ಬಂದವರೆಂದು ದೂರವಿಡುವ ಅಭ್ಯಾಸ ಹಲವು ಸ್ಟಾಲ್‌ಗಳಲ್ಲಿದೆ, ಅದು ನನಗೆ ಬೇಸರ ತರಿಸುತ್ತದೆ. ಕೆಲವೇ ವರ್ಷಗಳಲ್ಲಿ ಟೂಲ್ ರೂಮಿನಲ್ಲಿ ನಿಂತು ಯಾವ ಟ್ಯಾಪ್ ತರಿಸಬೇಕೆಂದು ಹೇಳುವವರು ಅವರೇ. ಆ ಮಕ್ಕಳಿಗೆ ಕಾರ್ಡು ಕೊಟ್ಟು, ಟ್ಯಾಪ್ ಡ್ರಿಲ್ಲಿನ ಲೆಕ್ಕವೊಂದನ್ನು ಕೇಳಿ, ಸರಿಯಾಗಿ ಹೇಳಿದವರಿಗೆ ಸ್ಕೇಲನ್ನೂ ಕೊಡುತ್ತೇವೆ. ಪ್ರದರ್ಶನ ಹಲವು ದಿನ ನಡೆಯುವುದರಿಂದ ದಾಸ್ತಾನನ್ನು ದಿನಕ್ಕಿಷ್ಟೆಂದು ಬೇರೆ ಬೇರೆ ಡಬ್ಬಗಳಲ್ಲಿ ಕಟ್ಟಿಡುತ್ತೇವೆ, ಕೊನೆಯ ದಿನ ದೂರದ ಬೆಳಗಾವಿಯಿಂದಲೋ ಕೊಯಮತ್ತೂರಿನಿಂದಲೋ ಬಂದವರು ಬರಿಗೈಯಲ್ಲಿ ಹೋಗಬಾರದು.

ಪವರ್ ಬ್ಯಾಂಕ್, ಪೆನ್ ಡ್ರೈವ್‌ಗಳ ಕಡೆ ನಾವು ಹೋಗಿಲ್ಲ. ಹೊರಗಿನ ಪೆನ್ ಡ್ರೈವನ್ನು ಬಹಳಷ್ಟು ಕಂಪನಿಗಳ ಕಂಪ್ಯೂಟರ್‌ಗಳು ಒಪ್ಪಿಕೊಳ್ಳುವುದಿಲ್ಲ. ಪವರ್ ಬ್ಯಾಂಕನ್ನು ವಿಮಾನದಲ್ಲಿ ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಬೆಲೆಬಾಳುವ ಉಡುಗೊರೆಯಿಂದ ಇನ್ನೊಂದು ಇಕ್ಕಟ್ಟೂ ಇದೆ. ಬೆಂಗಳೂರಿನಲ್ಲಿ ನಮ್ಮ ಗ್ರಾಹಕರಲ್ಲಿ ಅನೇಕರು ಸಾರ್ವಜನಿಕ ಉದ್ದಿಮೆಗಳ ನೌಕರರು, ಉಡುಗೊರೆ ಪಡೆಯುವ ಬಗ್ಗೆ ಅವರಿಗೆ ನಡತೆ ನಿಯಮಗಳಿವೆ. ನಮ್ಮ ಔದಾರ್ಯದಿಂದ ಅವರು ವಿವರಣೆ ಕೊಡಬೇಕಾದ ಸ್ಥಿತಿ ಬರಬಾರದು. ಸ್ಕೇಲು, ಕಾರ್ಡುಗಳ ವಿಷಯದಲ್ಲಿ ಆ ಮುಜುಗರವಿಲ್ಲ.

ಚೀಲದ ಬಗ್ಗೆ ಒಂದು ಮಾತು. ಕ್ಯಾಟಲಾಗ್ ಹೊತ್ತು ತಿರುಗುವವರಿಗೆ ಚೀಲ ಬೇಕೇ ಬೇಕು, ನಮ್ಮ ಹೆಸರೂ ಪ್ರದರ್ಶನದ ಸಭಾಂಗಣದ ತುಂಬ ಓಡಾಡುತ್ತದೆ. 60 ಜಿಎಸ್‌ಎಂಗಿಂತ (ಚದರ ಮೀಟರಿಗೆ 60 ಗ್ರಾಂ) ತೆಳುವಾದ ನಾನ್-ವೋವನ್ (ನೇಯದ, ಬಟ್ಟೆಯಂತೆ ಕಾಣುವ ಪ್ಲಾಸ್ಟಿಕ್) ಚೀಲಗಳನ್ನು 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಲಾಗಿದೆ. ನಾವು ದಪ್ಪದ್ದನ್ನೂ ಬಿಟ್ಟು, ಸ್ತ್ರೀಶಕ್ತಿ ಸಂಘವೊಂದರಿಂದ ಹತ್ತಿಯ ಚೀಲ ಹೊಲಿಸುತ್ತೇವೆ. ಡೀಲರ್‌ಗಳಿಗೂ ಪರದೇಶದ ಅತಿಥಿಗಳಿಗೂ ಚನ್ನಪಟ್ಟಣದ ಅರಗಿನ ಬಣ್ಣದ ಪೆನ್ ಸ್ಟ್ಯಾಂಡ್ ಕೊಡುತ್ತೇವೆ. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಅದೇ ತಿರುಗುವಿಕೆಯ ಬಿಸಿಗೆ ಅರಗು ಕರಗಿಸಿ ಬಣ್ಣ ಹಚ್ಚುವ ಆ ಕಸುಬು ನಮ್ಮ ಉದ್ಯಮಕ್ಕೆ ಅಣ್ಣನಂತೆ, ಟರ್ನಿಂಗ್ ಬಲ್ಲವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಬಗೆಯೇ ಬೇರೆ. ಮರದ ವಸ್ತುಗಳನ್ನು ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಇಳಿಯುವಾಗ ಘೋಷಿಸಬೇಕಾಗುತ್ತದೆ, ಅಲ್ಲಿಂದ ಬಂದವರಿಗೆ ಅದನ್ನು ಮೊದಲೇ ತಿಳಿಸುತ್ತೇವೆ.

ಜನವರಿಯ ಪ್ರದರ್ಶನಕ್ಕೆ ಆರ್ಡರ್ ದೀಪಾವಳಿಯ ಮೊದಲೇ ಹೋಗಬೇಕು. ಆಮೇಲೆ ಸುಲ್ತಾನ್ ಪೇಟೆಯ ಮುದ್ರಕರೆಲ್ಲ ಕ್ಯಾಲೆಂಡರ್, ಡೈರಿ, ಲಗ್ನಪತ್ರಿಕೆಗಳಲ್ಲಿ ಮುಳುಗಿರುತ್ತಾರೆ, ಸ್ಯಾಂಪಲ್ ತೋರಿಸುವ ಪುರುಸೊತ್ತೂ ಅವರಿಗಿರುವುದಿಲ್ಲ. ಲೆಕ್ಕ ಬರೆಯುವಾಗ, ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವ ಸೌಲಭ್ಯ) ಸಿಗುವುದಿಲ್ಲವಾದ್ದರಿಂದ, ಕಟ್ಟಿದ ಜಿಎಸ್‌ಟಿಯನ್ನೂ ವಸ್ತುವಿನ ಬೆಲೆಗೇ ಸೇರಿಸಿ ಬಜೆಟ್ ಹಾಕುತ್ತೇನೆ. ಡೀಲರ್‌ಗಳಿಗೆ ಕೊಟ್ಟದ್ದನ್ನು ಹೆಸರುವಾರು ಬರೆದಿಡುವುದೂ ಅಗತ್ಯ. 2022ರ ಜುಲೈ 1ರಂದು ಜಾರಿಗೆ ಬಂದ ಆದಾಯ ತೆರಿಗೆಯ 194ಆರ್ ನಿಯಮದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಪ್ರಯೋಜನಗಳಿಗೆ ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ವಿಧಿಸಲಾಯಿತು, ಪ್ರದರ್ಶನದ ಸಣ್ಣ ಉಡುಗೊರೆಯೂ ಆ ವರ್ಷದ ಒಟ್ಟು ಮೊತ್ತಕ್ಕೆ ಸೇರಬಹುದು.

ಯಾವ ವಸ್ತುವಿನ ಮೇಲೂ ಇಸವಿಯನ್ನಾಗಲಿ ಪ್ರದರ್ಶನದ ಹೆಸರನ್ನಾಗಲಿ ಮುದ್ರಿಸುವುದಿಲ್ಲ. ಉಳಿದ ಕಾರ್ಡುಗಳು ಡೀಲರ್‌ಗಳ ಕೌಂಟರಿಗೂ ಸ್ಕೇಲ್‌ಗಳು ನಮ್ಮ ಸರ್ವಿಸ್ ಎಂಜಿನಿಯರ್‌ಗಳ ಚೀಲಕ್ಕೂ ಹೋಗುತ್ತವೆ. ಗ್ರಾಹಕರ ವರ್ಕ್‌ಶಾಪಿಗೆ ಹೋದವರು ನಮ್ಮ ಹಳೆಯ ಕಾರ್ಡು ಎಲ್ಲಿದೆ, ಯಾವ ಅಂಕಿಗಳು ಸವೆದಿವೆ ಎಂದು ನೋಡಿ ಫೋಟೊ ಕಳುಹಿಸುತ್ತಾರೆ. ಹೆಚ್ಚು ಬೆರಳು ಓಡಾಡಿ ಸವೆದ ಸಾಲುಗಳು ಎಂ6 ಮತ್ತು ಎಂ8. ಈಗಿನ ಕಾರ್ಡಿನಲ್ಲಿ ಆ ಎರಡು ಸಾಲುಗಳನ್ನು ಮೇಲಕ್ಕೆ ತಂದು ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ.