ಇಂಧನ ವ್ಯವಹಾರದ ಬಿಬಿಎ: ಒಂದು ಎಕರೆ ಲೆಕ್ಕದಿಂದ ನಾನು ಕಲಿತದ್ದು

ಆಯಿಲ್ ಅಂಡ್ ಗ್ಯಾಸ್ ಬಿಬಿಎ ಓದುತ್ತೇನೆ ಅಂದಾಗ ನಮ್ಮ ಪಾವಗಡದ ಕಡೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಮುಗಿಸಿ ಬಂದು ಪೆಟ್ರೋಲ್ ಬಂಕ್ ಹಾಕ್ತೀಯಾ?" ಕೇಳುವುದರಲ್ಲಿ ತಪ್ಪೇನಿಲ್ಲ. ಬಂಕ್ ಕೂಡ ಈ ವ್ಯವಹಾರದ ಒಂದು ತುದಿಯೇ. ಇನ್ನೊಂದು ತುದಿಯಲ್ಲಿ ಬಾವಿ ಕೊರೆಯುವವರು, ಹಡಗು ಬಾಡಿಗೆಗೆ ಕೊಡುವವರು, ಸಾಲ ಕೊಡುವ ಬ್ಯಾಂಕು, ದರ ನಿಗದಿ ಮಾಡುವ ಆಯೋಗ ಎಲ್ಲ ಇದ್ದಾರೆ. ನಾನು 2017ರಿಂದ 2020ರವರೆಗೆ ಡೆಹ್ರಾಡೂನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಇದನ್ನು ಓದಿದೆ. ಈಗ ಬೆಂಗಳೂರಿನಲ್ಲಿ, ಕಾರ್ಖಾನೆಗಳಿಗೆ ಸೋಲಾರ್ ಮತ್ತು ಗಾಳಿ ಕರೆಂಟ್ ಮಾರುವ ಕಂಪನಿಯಲ್ಲಿದ್ದೇನೆ. ಪಿಯುಸಿ ಕಾಮರ್ಸ್ ಮುಗಿಸಿದ ಹುಡುಗ ಹುಡುಗಿಯರು ಆಗಾಗ ವಿಚಾರಿಸುತ್ತಾರೆ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಅಷ್ಟು ದೂರ ಯಾಕೆ ಅಂದರೆ, ಡೆಹ್ರಾಡೂನ್ ಸುಮ್ನೆ ಬೆಟ್ಟದ ಊರಲ್ಲ. ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ 1956ರಲ್ಲಿ ಶುರುವಾಗಿದ್ದು ಅಲ್ಲಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪೆಟ್ರೋಲಿಯಂ ಇರುವುದೂ ಅಲ್ಲೇ. ನಾನು ಎರಡನೇ ವರ್ಷದಲ್ಲಿದ್ದಾಗ, 2018ರ ಆಗಸ್ಟ್ 27ರಂದು, ಆ ಸಂಸ್ಥೆ ಜಟ್ರೋಫಾ ಗಿಡದ ಬೀಜದ ಎಣ್ಣೆಯಿಂದ ತಯಾರಿಸಿದ ಇಂಧನ ಬೆರೆಸಿ ಸ್ಪೈಸ್‌ಜೆಟ್ ವಿಮಾನ ಡೆಹ್ರಾಡೂನ್‌ನಿಂದ ದೆಹಲಿಗೆ ಹಾರಿತು. ಅವತ್ತು ಕ್ಲಾಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಎಂಜಿನಿಯರಿಂಗ್ ಹುಡುಗರು ಎಂಜಿನ್ ಬಗ್ಗೆ ಮಾತಾಡಿದರು. ನಮ್ಮ ಮೇಷ್ಟ್ರು ಕೇಳಿದ್ದು ಬೇರೆ: "ಲೀಟರಿಗೆ ಎಷ್ಟು ಬಿತ್ತು? ಬೀಜ ಕೊಟ್ಟವರು ಯಾರು? ವರ್ಷಪೂರ್ತಿ ಕೊಡ್ತಾರಾ?" ನಮ್ಮ ಕೋರ್ಸು ಏನು ಅನ್ನುವುದು ಆ ಮೂರು ಪ್ರಶ್ನೆಯಲ್ಲೇ ಇದೆ.

ಮೊದಲ ವರ್ಷ ಎಲ್ಲ ಬಿಬಿಎಯಂತೆಯೇ. ಅಕೌಂಟ್ಸ್, ಅರ್ಥಶಾಸ್ತ್ರ, ಸ್ಟಾಟಿಸ್ಟಿಕ್ಸ್. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಅಕೌಂಟ್ಸ್ ಮಾತ್ರ ಬಿಡಬೇಡಿ. ನಿಜವಾದ ತಲೆನೋವು ಅಳತೆಗಳು. ಕಚ್ಚಾ ತೈಲ ಬ್ಯಾರೆಲ್ಲಿನಲ್ಲಿ, ಗ್ಯಾಸ್ ಎಂಎಂಬಿಟಿಯು ಅನ್ನುವ ಶಾಖದ ಅಳತೆಯಲ್ಲಿ, ಕಲ್ಲಿದ್ದಲು ಟನ್ನಿನಲ್ಲಿ, ಕರೆಂಟ್ ಯೂನಿಟ್ಟಿನಲ್ಲಿ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕದೆ ಯಾವುದು ಅಗ್ಗ ಅಂತ ಹೇಳೋಕಾಗಲ್ಲ. ಹಾಸ್ಟೆಲ್ ರೂಮಿನ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿದ್ದೆ: ಒಂದು ಬ್ಯಾರೆಲ್ ಅಂದರೆ 159 ಲೀಟರ್, ಒಂದು ಯೂನಿಟ್ ಅಂದರೆ 860 ಕಿಲೋ ಕ್ಯಾಲರಿ, ಒಂದು ಎಂಎಂಬಿಟಿಯು ಅಂದರೆ ಸುಮಾರು 293 ಯೂನಿಟ್. ಇಷ್ಟು ಬಾಯಿಗೆ ಬಂದರೆ ಪತ್ರಿಕೆಯ ಅರ್ಧ ಸುದ್ದಿ ತಾನಾಗಿ ಅರ್ಥವಾಗುತ್ತದೆ. ಗ್ಯಾಸ್ ಎಂಎಂಬಿಟಿಯುಗೆ 10 ಡಾಲರ್ ಅಂತ ಓದಿದ ಕೂಡಲೇ, ಉರಿಸಿದರೆ ಸಿಗುವ ಶಾಖ ಯೂನಿಟ್ಟಿಗೆ ಮೂರೂವರೆ ಸೆಂಟ್ ಆಸುಪಾಸು, ಅದರಿಂದ ಕರೆಂಟ್ ಮಾಡಿದರೆ ಇಂಧನದ ಖರ್ಚೇ ಹೆಚ್ಚುಕಡಿಮೆ ಅದರ ಎರಡು ಪಟ್ಟು ಅಂತ ತಲೆ ಲೆಕ್ಕ ಹಾಕುತ್ತದೆ.

ಇನ್ನೊಂದು ಅಭ್ಯಾಸ ಪೆಟ್ರೋಲ್ ದರವನ್ನು ಬಿಚ್ಚುವುದು. 2017ರ ಜೂನ್ 16ರಿಂದ ದೇಶದಲ್ಲೆಲ್ಲ ದಿನಾ ದರ ಪರಿಷ್ಕರಣೆ ಶುರುವಾಗಿತ್ತು, ನಾವು ಸೇರಿದ್ದೂ ಅದೇ ವರ್ಷ. ತೈಲ ಕಂಪನಿಗಳು ಲೀಟರಿನ ದರವನ್ನು ಬಿಡಿಸಿ ಕೊಡುತ್ತವೆ: ಮೂಲ ಬೆಲೆ, ಸಾಗಣೆ, ಕೇಂದ್ರದ ಅಬಕಾರಿ ಸುಂಕ, ಡೀಲರ್ ಕಮಿಷನ್, ರಾಜ್ಯದ ತೆರಿಗೆ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ, ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ದರ ಬದಲಾಗುತ್ತದೆ. ಊರಿಗೆ ಬರುವಾಗ ದಾರಿಯುದ್ದಕ್ಕೂ ಬಂಕ್ ಬೋರ್ಡ್ ಓದುವ ಚಟ ಆಗಿನಿಂದ ಹತ್ತಿದೆ, ಈಗಲೂ ಬಿಟ್ಟಿಲ್ಲ.

ಆದರೆ ನನಗೆ ಈ ವಿಷಯ ಹಿಡಿಸಿದ್ದು ಎಣ್ಣೆಯಿಂದಲ್ಲ, ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕಿನಿಂದ. ತಿರುಮಣಿ, ವಳ್ಳೂರು, ರಾಯಚೆರ್ಲು ಸುತ್ತಮುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಅವಧಿ 28 ವರ್ಷ. ನಮ್ಮದೂ ಸ್ವಲ್ಪ ಜಮೀನು ಅದರಲ್ಲಿದೆ. ಮಳೆ ಬಂದ ವರ್ಷ ಕಡಲೆಕಾಯಿ, ಬಾರದ ವರ್ಷ ಸಾಲ ಬೆಳೆಯುತ್ತಿದ್ದ ಜಮೀನು.

ರಜೆಗೆ ಬಂದಾಗ ಅಪ್ಪ ಕೇಳಿದರು: "ಅಲ್ಲ ಕಣೋ, ಇಷ್ಟು ದುಡ್ಡು ಕೊಟ್ಟು ಓದಿಸ್ತಿದ್ದೀನಿ. ನಮಗೆ ಎಕರೆಗೆ ಇಪ್ಪತ್ತೊಂದು ಸಾವಿರ. ಪ್ಲೇಟ್ ಹಾಕಿದೋನಿಗೆ ಎಷ್ಟು ಬರುತ್ತೆ ಹೇಳು ನೋಡಾನ."

ಲ್ಯಾಪ್‌ಟಾಪ್ ತೆಗೆದು ಕೂತೆ. 13,000 ಎಕರೆಯನ್ನು 2,050ರಿಂದ ಭಾಗಿಸಿದರೆ ಒಂದು ಮೆಗಾವ್ಯಾಟ್‌ಗೆ ಆರೂಕಾಲು ಎಕರೆ ಚಿಲ್ಲರೆ. ವರ್ಷಕ್ಕೆ 8,760 ಗಂಟೆ. ರಾತ್ರಿ, ಮೋಡ ಎಲ್ಲ ಕಳೆದು ಶೇ 20ರಷ್ಟು ಉತ್ಪಾದನೆ ಅಂತ ಹಿಡಿದರೆ ಒಂದು ಮೆಗಾವ್ಯಾಟ್‌ನಿಂದ ಹದಿನೇಳೂವರೆ ಲಕ್ಷ ಯೂನಿಟ್. ಎಕರೆಗೆ ಸುಮಾರು 2.76 ಲಕ್ಷ ಯೂನಿಟ್. ಯೂನಿಟ್ಟಿಗೆ 3 ರೂಪಾಯಿ ಅಂತ ನಾನೇ ಒಂದು ದರ ಹಾಕಿಕೊಂಡೆ. ಎಕರೆಗೆ ವರ್ಷಕ್ಕೆ ಎಂಟೂಕಾಲು ಲಕ್ಷ ಚಿಲ್ಲರೆ ಬಂತು.

ಅಪ್ಪನ ಮುಖ ನೋಡಬೇಕಿತ್ತು. "ಎಂಟು ಲಕ್ಷ! ನಮಗೆ ಇಪ್ಪತ್ತೊಂದು ಸಾವಿರ!"

ಲೆಕ್ಕ ಇನ್ನೂ ಮುಗಿದಿಲ್ಲ ಅಂದೆ. ಬರೋದೆಲ್ಲ ಉಳಿಯೋದಿಲ್ವಲ್ಲ. ಮೆಗಾವ್ಯಾಟ್‌ಗೆ 4 ಕೋಟಿ ಬಂಡವಾಳ ಅಂತ ಹಿಡಿದೆ, ಅದರಲ್ಲಿ ಶೇ 70 ಸಾಲ, ಬಡ್ಡಿ ಶೇ 10. ಮೊದಲ ವರ್ಷದ ಬಡ್ಡಿಯೇ 28 ಲಕ್ಷ. ಹದಿನೇಳೂವರೆ ಲಕ್ಷ ಯೂನಿಟ್ಟಿಗೆ ಹಂಚಿದರೆ ಯೂನಿಟ್ಟಿಗೆ 1 ರೂಪಾಯಿ 60 ಪೈಸೆ. ಮಾರುವ ದರದ ಅರ್ಧಕ್ಕಿಂತ ಜಾಸ್ತಿ ಬ್ಯಾಂಕಿಗೇ ಹೋಯಿತು. ಅಸಲು ಇನ್ನೂ ಹಾಗೇ ಇದೆ. ಅದೇ ರೀತಿ ಜಮೀನಿನ ಬಾಡಿಗೆ ಹಂಚಿದರೆ ಯೂನಿಟ್ಟಿಗೆ ಏಳೂವರೆ ಪೈಸೆ. ಬಡ್ಡಿ ಶೇ 10ರಿಂದ 8ಕ್ಕೆ ಇಳಿದರೆ 32 ಪೈಸೆ ಉಳಿಯುತ್ತದೆ, ಅಂದರೆ ಬಾಡಿಗೆಯ ನಾಲ್ಕು ಪಟ್ಟು. ಬಿಸಿಲು ಪುಕ್ಕಟೆ ನಿಜ, ಆದರೆ ಈ ವ್ಯವಹಾರ ನಿಂತಿರುವುದು ಬಡ್ಡಿಯ ಮೇಲೆ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ತಲೆಗೆ ಇಳಿದಿದ್ದು ಆವತ್ತು ಜಗಲಿಯ ಮೇಲೆ.

ಅಪ್ಪ ಅಲ್ಲಿಗೇ ಬಿಡಲಿಲ್ಲ. "ನಮ್ಮ ಕಡೇದು ಲೆಕ್ಕ ಹಾಕು" ಅಂದರು. ಎರಡು ವರ್ಷಕ್ಕೆ ಶೇ 5ರಂತೆ ಏರುತ್ತಾ ಹೋದರೆ 28 ವರ್ಷದಲ್ಲಿ ಎಕರೆಗೆ ಒಟ್ಟು ಸುಮಾರು 8.23 ಲಕ್ಷ. ಆ ಎಕರೆಯಿಂದ ಒಂದೇ ವರ್ಷಕ್ಕೆ ಮಾರುವ ಕರೆಂಟಿನ ಮೊತ್ತವೂ ಹತ್ತಿರ ಹತ್ತಿರ ಅಷ್ಟೇ. ಇನ್ನು ನಾಳೆಯ ರೂಪಾಯಿಗೆ ಇವತ್ತಿನ ಬೆಲೆ ಕಟ್ಟಬೇಕಲ್ಲ. ಶೇ 10ರ ದರದಲ್ಲಿ ಇವತ್ತಿಗೆ ಇಳಿಸಿದರೆ ಆ 8.23 ಲಕ್ಷ ಬರೀ 2.4 ಲಕ್ಷದ ಸಮ. ಇದನ್ನು ಅಪ್ಪನಿಗೆ ಹೇಗೆ ವಿವರಿಸೋದು ಅಂತ ಯೋಚಿಸುತ್ತಿದ್ದೆ, ಅವರೇ ಅಂದರು: "ನೂರಕ್ಕೆ ಎರಡರ ಬಡ್ಡಿಗೆ ಸಾಲ ತಂದಿರೋನಿಗೆ ಇಪ್ಪತ್ತು ವರ್ಷದ ಮೇಲೆ ಬರೋ ದುಡ್ಡು ದುಡ್ಡೇ ಅಲ್ಲ ಬಿಡು." ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ 24. ಯಾರ ಲೆಕ್ಕಕ್ಕೆ ಯಾವ ದರ ಹಾಕಬೇಕು ಅನ್ನುವ ಬಗ್ಗೆ ನಮಗೆ ಒಂದು ಇಡೀ ಅಧ್ಯಾಯ ಇತ್ತು. ಅಪ್ಪ ಒಂದು ವಾಕ್ಯದಲ್ಲಿ ಮುಗಿಸಿದರು. ಹಾಗಂತ ಗುತ್ತಿಗೆ ಬೇಡವಿತ್ತು ಅಂತಲ್ಲ. ಕಡಲೆಕಾಯಿ ಯಾವ ವರ್ಷವೂ ಖಾತ್ರಿ ಕೊಟ್ಟಿರಲಿಲ್ಲ, ಖಾತ್ರಿಗೂ ಒಂದು ಬೆಲೆ ಇದೆ ಅಲ್ವಾ?

ಈ ಶೀಟನ್ನೇ ತಿದ್ದಿ ತೀಡಿ ಮೂರನೇ ವರ್ಷದ ಪ್ರಾಜೆಕ್ಟ್ ಮಾಡಿದೆ. ಗೈಡ್ ಒಂದು ಮಾತು ಸೇರಿಸಿದರು: "ಯೂನಿಟ್ಟಿಗೆ 3 ರೂಪಾಯಿ ಅಂತೀಯಲ್ಲ, ಅದು ಎಷ್ಟು ಗಂಟೆಯ ಯೂನಿಟ್?" ಅಲ್ಲಿಂದ ಕರೆಂಟ್ ಕೊಂಡು ಮಾರುವ ಪೇಟೆ, ಅಂದರೆ ವಿದ್ಯುತ್ ವಿನಿಮಯ ಕೇಂದ್ರದ ದರ ನೋಡಲು ಶುರು ಮಾಡಿದೆ. ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ 2008ರಿಂದ ನಡೆಯುತ್ತಿದೆ. ಅಲ್ಲಿ ದಿನವನ್ನು 15 ನಿಮಿಷದ 96 ತುಂಡು ಮಾಡಿ ಪ್ರತಿ ತುಂಡಿಗೂ ಬೇರೆ ದರ ಕಟ್ಟುತ್ತಾರೆ. ಒಂದು ತಿಂಗಳಿನ ದರ ಎಕ್ಸೆಲ್‌ಗೆ ಇಳಿಸಿ ಗ್ರಾಫ್ ಹಾಕಿ ನೋಡಿ. ಮಧ್ಯಾಹ್ನ ತಗ್ಗು, ಹೊತ್ತು ಮುಳುಗಿದ ಮೇಲೆ ದಿಬ್ಬ. ಸೋಲಾರ್ ಜಾಸ್ತಿಯಾದಷ್ಟೂ ಆ ತಗ್ಗು ಆಳವಾಗುತ್ತದೆ. ಸಂಜೆ ದರ ಎಲ್ಲಿಗೆ ಹೋಗುತ್ತದೆ ಅಂದರೆ, 2022ರಲ್ಲಿ ಯೂನಿಟ್ಟಿಗೆ 12 ರೂಪಾಯಿ ಮೀರಬಾರದು ಅಂತ ಮಿತಿ ಹಾಕಬೇಕಾಯಿತು, ಮರುವರ್ಷ ಅದನ್ನು 10ಕ್ಕೆ ಇಳಿಸಿದರು. ನಮ್ಮ ಶರಾವತಿಯ 1,035 ಮೆಗಾವ್ಯಾಟ್ ಎಷ್ಟು ಬೆಲೆ ಬಾಳುತ್ತದೆ ಅಂತ ಗೊತ್ತಾಗುವುದು ಈ ಗ್ರಾಫ್ ನೋಡಿದಾಗಲೇ. ಬೇಕಾದ ಹೊತ್ತಿಗೆ ಗೇಟ್ ತೆಗೆದರೆ ಕರೆಂಟ್, ಬೇಡದ ಹೊತ್ತಿಗೆ ನೀರು ಲಿಂಗನಮಕ್ಕಿಯಲ್ಲೇ ಇರುತ್ತದೆ.

ಕೊನೆಯ ಸೆಮಿಸ್ಟರ್ ಲಾಕ್‌ಡೌನ್‌ನಲ್ಲಿ ಹೋಯಿತು. ಮನೆಯಲ್ಲಿ ಕೂತು ಫೋನಿನಲ್ಲೇ ಕ್ಲಾಸು. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ (ಮುಂದೆ ಕೊಡುವ ತೈಲಕ್ಕೆ ಈಗಲೇ ದರ ಕಟ್ಟುವ ಒಪ್ಪಂದ) ಬ್ಯಾರೆಲ್ಲಿಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ತೈಲ ತಗೊಂಡು ಹೋಗಪ್ಪಾ, ದುಡ್ಡೂ ನಾನೇ ಕೊಡ್ತೀನಿ ಅನ್ನುವ ಪರಿಸ್ಥಿತಿ. ಕಾರಣ ಸರಳ. ಆ ಒಪ್ಪಂದ ಮುಗಿಯುವಾಗ ಕೈಯಲ್ಲಿ ಇಟ್ಟುಕೊಂಡವರು ಓಕ್ಲಹೋಮಾದ ಕುಶಿಂಗ್‌ನಲ್ಲಿ ನಿಜವಾದ ತೈಲವನ್ನೇ ತೆಗೆದುಕೊಳ್ಳಬೇಕು, ಒಂದು ಒಪ್ಪಂದಕ್ಕೆ 1,000 ಬ್ಯಾರೆಲ್. ಅಲ್ಲಿ ಟ್ಯಾಂಕ್ ಖಾಲಿ ಸಿಗುತ್ತಿರಲಿಲ್ಲ. ನಮ್ಮ ದೇಶದ ಸರಕು ಪೇಟೆ ಎಂಸಿಎಕ್ಸ್‌ನ ಏಪ್ರಿಲ್ ಒಪ್ಪಂದವೂ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಲಾಕ್‌ಡೌನ್ ಅಂತ ಇಲ್ಲಿ ವಹಿವಾಟು ಸಂಜೆ 5ಕ್ಕೇ ನಿಲ್ಲುತ್ತಿತ್ತು, ಅಮೆರಿಕದ ಪೇಟೆ ಕುಸಿದದ್ದು ನಮ್ಮ ರಾತ್ರಿ. ಮಾರಿ ಹೊರಬರಲು ದಾರಿಯೇ ಇರಲಿಲ್ಲ. ಅಲ್ಲಿಯವರೆಗೆ ಸ್ಟೋರೇಜ್ ಪಾಠ ಅಂದರೆ ಆಕಳಿಸುತ್ತಿದ್ದ ಕ್ಲಾಸು ಮರುದಿನ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಮಂಗಳೂರು ಮತ್ತು ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು ಕಚ್ಚಾ ತೈಲ ತುಂಬಿಡುವುದು ಯಾಕೆ ಅಂತ ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಕೋರ್ಸಿನಲ್ಲಿ ಕೊರತೆಯೂ ಇತ್ತು. ಎಣ್ಣೆಗೆ ಕೊಟ್ಟ ಒತ್ತು ಕರೆಂಟಿಗೆ ಇರಲಿಲ್ಲ. ದರ ಆದೇಶ ಓದುವುದನ್ನು ಯಾರೂ ಕಲಿಸಲಿಲ್ಲ. ಅದನ್ನು ನಾನೇ ಕೂತು ಕಲಿತೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶ ನೂರಾರು ಪುಟ ಇರುತ್ತದೆ. ಮೊದಲಿಂದ ಕೊನೆವರೆಗೆ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಮೊದಲು ಸರಾಸರಿ ಪೂರೈಕೆ ವೆಚ್ಚ ಎಷ್ಟು ಅಂತ ಹುಡುಕಿ. ಆಮೇಲೆ ಯಾವ ವರ್ಗದ ಗ್ರಾಹಕರು ಅದಕ್ಕಿಂತ ಜಾಸ್ತಿ ಕೊಡುತ್ತಾರೆ, ಯಾರು ಕಡಿಮೆ ಅನ್ನುವ ಕೋಷ್ಟಕ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರೈತ ಏನೂ ಕೊಡುವುದಿಲ್ಲ, ಸರ್ಕಾರ ಸಬ್ಸಿಡಿ ತುಂಬಬೇಕು. ಜಾಸ್ತಿ ಕೊಡುವ ವರ್ಗಗಳೇ ಬೇರೆ ಕಡೆಯಿಂದ ಕರೆಂಟ್ ಕೊಳ್ಳಲು ನೋಡುತ್ತವೆ. ನನ್ನ ಈಗಿನ ಕೆಲಸ ಹುಟ್ಟಿರುವುದೇ ಆ ವ್ಯತ್ಯಾಸದಲ್ಲಿ. ಹೀಗೆ ಬೇರೆ ಕಡೆಯಿಂದ ಕೊಳ್ಳುವುದಕ್ಕೆ ಓಪನ್ ಆಕ್ಸೆಸ್ ಅನ್ನುತ್ತಾರೆ. 2022ರ ಹಸಿರು ಓಪನ್ ಆಕ್ಸೆಸ್ ನಿಯಮದಲ್ಲಿ ಕೊಳ್ಳುವವರ ಕನಿಷ್ಠ ಲೋಡಿನ ಮಿತಿ 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಯಿತು, ಸಣ್ಣ ಕಾರ್ಖಾನೆಯವರೂ ಫೋನ್ ಮಾಡತೊಡಗಿದರು. ಅವರಿಗೆ ಯೂನಿಟ್ ದರ ಹೇಳಿದರೆ ಸಾಲದು. ವೀಲಿಂಗ್ ಶುಲ್ಕ (ತಂತಿ ಬಳಸಿದ್ದಕ್ಕೆ ಬಾಡಿಗೆ), ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಕಡಿಮೆ ಕೊಡುವವರ ಪಾಲು ತುಂಬಲು ಹಾಕುವ ಹೆಚ್ಚುವರಿ), ದಾರಿಯಲ್ಲಿ ಸೋರುವ ಯೂನಿಟ್ಟು ಎಲ್ಲ ಸೇರಿಸಿ ಮೀಟರಿಗೆ ಬಂದು ಬೀಳುವ ದರ ಹೇಳಬೇಕು.

ಸೇರುವವರಿಗೆ ಒಂದೆರಡು ಮಾತು. ಕಾಲೇಜಿನ ಹೆಸರು ನೋಡುವ ಮುಂಚೆ ಸಿಲಬಸ್‌ನಲ್ಲಿ ಪ್ರಾಜೆಕ್ಟ್ ಫೈನಾನ್ಸ್ ಮತ್ತು ವಿದ್ಯುತ್ ಮಾರುಕಟ್ಟೆ ಇದೆಯಾ ನೋಡಿ. ಇಲ್ಲದಿದ್ದರೆ ನಮ್ಮೂರಲ್ಲೇ ಬಿ.ಕಾಂ. ಮಾಡಿ ಉಳಿದದ್ದನ್ನು ಸ್ವಂತ ಕಲಿಯುವುದು ಎಷ್ಟೋ ಮೇಲು, ಫೀಸಾದರೂ ಉಳಿಯುತ್ತದೆ. ಹಿಂದಿ ಬರಲ್ಲ ಅಂತ ಹೆದರಬೇಡಿ, ಮೆಸ್ಸಿನ ಕ್ಯೂನಲ್ಲಿ ನಿಂತರೆ ತಾನಾಗಿ ಬರುತ್ತದೆ. ಎಕ್ಸೆಲ್ ಮಾತ್ರ ಮೊದಲ ಸೆಮಿಸ್ಟರ್‌ನಲ್ಲೇ ಕೈಗೆ ಹತ್ತಲಿ. ನನ್ನ ಇಂಟರ್‌ವ್ಯೂನಲ್ಲಿ ಥಿಯರಿ ಕೇಳಲೇ ಇಲ್ಲ. 96 ತುಂಡುಗಳ ದರದ ಫೈಲ್ ಒಂದನ್ನು ಮುಂದಿಟ್ಟು, ಈ ಕಾರ್ಖಾನೆ ರಾತ್ರಿ ಪಾಳಿಯನ್ನು ಹಗಲಿಗೆ ತಂದರೆ ಎಷ್ಟು ಉಳಿಯುತ್ತದೆ, ಅರ್ಧ ಗಂಟೆಯಲ್ಲಿ ಹೇಳಿ ಅಂದರು.