ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಸ್ಟಾರ್ ಆಟಗಾರನನ್ನು ಮಾರಬೇಕಾ, ಇಟ್ಟುಕೊಳ್ಳಬೇಕಾ?

ಸೀಸನ್ ಚೆನ್ನಾಗಿ ಮುಗಿದಿದೆ. ನಿಮ್ಮ 22 ವರ್ಷದ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ದಾಳಿ ಆಟಗಾರ) ಗೋಲಿನ ಮೇಲೆ ಗೋಲು ಹೊಡೆದಿದ್ದಾನೆ. ಜುಲೈ ಬಂತು ಅನ್ನುವಷ್ಟರಲ್ಲಿ ಇನ್‌ಬಾಕ್ಸ್‌ನಲ್ಲಿ ದೊಡ್ಡ ಕ್ಲಬ್ಬೊಂದರ ಆಫರ್ ಬಂದು ಕೂತಿದೆ. ಕ್ಲಬ್ ನಡೆಸುವ ಕಂಪ್ಯೂಟರ್ ಗೇಮ್ ಆದ ಫುಟ್‌ಬಾಲ್ ಮ್ಯಾನೇಜರ್ ಆಡುವವರೆಲ್ಲರಿಗೂ ಈ ದಿನ ಬಂದೇ ಬರುತ್ತದೆ. ಆಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮೊತ್ತದ ಮೇಲೆ. ಅದನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ಎರಡೇ: ಅವನ ಕಾಂಟ್ರ್ಯಾಕ್ಟ್ ಇನ್ನು ಎಷ್ಟು ವರ್ಷ ಇದೆ, ಮತ್ತು ಅವನು ಹೋದರೆ ಮುಂದಿನ ಶನಿವಾರ ಆ ಜಾಗದಲ್ಲಿ ಆಡುವವರು ಯಾರು.

ಕಾಂಟ್ರ್ಯಾಕ್ಟ್ ಮೂರು ವರ್ಷ ಅಥವಾ ಜಾಸ್ತಿ ಇದ್ದರೆ ಜುಟ್ಟು ನಿಮ್ಮ ಕೈಯಲ್ಲೇ ಇದೆ, ಆತುರ ಬೇಡ. ಎರಡು ವರ್ಷ ಉಳಿದಿದ್ದರೆ ಈ ಬೇಸಿಗೆಯಲ್ಲೇ (ಯುರೋಪಿನ ಬೇಸಿಗೆ, ಅಂದರೆ ಜೂನ್‌ನಿಂದ ಆಗಸ್ಟ್) ತೀರ್ಮಾನ ಆಗಬೇಕು, ಒಂದೋ ಹೊಸ ಕಾಂಟ್ರ್ಯಾಕ್ಟ್, ಇಲ್ಲವೇ ಮಾರಾಟ. ಒಂದೇ ವರ್ಷಕ್ಕೆ ಇಳಿದರೆ ಬೆಲೆ ಬೀಳುತ್ತಾ ಹೋಗುತ್ತದೆ, ಕೊನೆಯ ಆರು ತಿಂಗಳಲ್ಲಂತೂ ಬೇರೆ ದೇಶದ ಕ್ಲಬ್‌ಗಳು ನಿಮ್ಮನ್ನು ಕೇಳದೆಯೇ ಅವನ ಜೊತೆ ಮಾತಾಡಿ ಮುಗಿಸಿಬಿಡಬಹುದು. ಫ್ರಾನ್ಸ್‌ನ ಸ್ಟಾರ್ ಎಂಬಾಪೆ 2024ರಲ್ಲಿ ಕಾಂಟ್ರ್ಯಾಕ್ಟ್ ಮುಗಿದು ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದಾಗ ಪಿಎಸ್‌ಜಿಗೆ ಟ್ರಾನ್ಸ್‌ಫರ್ ದುಡ್ಡು ಅಂತ ಏನೂ ಸಿಗಲಿಲ್ಲ. ಅಷ್ಟು ದೊಡ್ಡ ಕ್ಲಬ್ ಅದನ್ನು ತಡೆದುಕೊಳ್ಳುತ್ತದೆ. ನೀವು ಎರಡನೇ ಡಿವಿಷನ್‌ನ ಕ್ಲಬ್ ನಡೆಸುತ್ತಿದ್ದರೆ ಹಾಗೆ ಒಬ್ಬ ಹೋದರೂ ಮೂರು ವರ್ಷದ ಯೋಜನೆ ಮಣ್ಣುಪಾಲು.

ಸರಿಯಾದ ಸಮಯಕ್ಕೆ ಮಾರುವುದನ್ನು ನಿಜವಾದ ಫುಟ್‌ಬಾಲ್‌ನಲ್ಲಿ ತುಂಬಾ ಚೆನ್ನಾಗಿ ಮಾಡುವುದು ಇಂಗ್ಲೆಂಡ್‌ನ ಬ್ರೈಟನ್ ಕ್ಲಬ್. ಮಿಡ್‌ಫೀಲ್ಡರ್ ಮೊಯ್ಸೆಸ್ ಕೈಸೆಡೊನನ್ನು ಅವರು 2021ರಲ್ಲಿ ಈಕ್ವೆಡಾರ್‌ನ ಇಂಡಿಪೆಂಡಿಯೆಂಟೆ ಡೆಲ್ ವಾಲೆ ಕ್ಲಬ್‌ನಿಂದ 50 ಲಕ್ಷ ಪೌಂಡ್‌ಗೂ ಕಡಿಮೆಗೆ ತಂದರು. 2023ರ ಜನವರಿಯಲ್ಲಿ ಆರ್ಸೆನಲ್ ದೊಡ್ಡ ಆಫರ್‌ಗಳನ್ನೇ ಕಳಿಸಿತು, ಹುಡುಗನೂ ನನ್ನನ್ನು ಬಿಟ್ಟುಬಿಡಿ ಅಂತ ಬಹಿರಂಗವಾಗಿಯೇ ಕೇಳಿಕೊಂಡ, ಆದರೂ ಬ್ರೈಟನ್ ಬಗ್ಗಲಿಲ್ಲ. ಮಾರ್ಚ್‌ನಲ್ಲಿ ಅವನಿಂದಲೇ ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿಸಿಕೊಂಡರು. ಆಗಸ್ಟ್‌ನಲ್ಲಿ ಲಿವರ್‌ಪೂಲ್ ಮತ್ತು ಚೆಲ್ಸಿ ಪೈಪೋಟಿಗೆ ಬಿದ್ದವು, ಕೊನೆಗೆ ಚೆಲ್ಸಿ 10 ಕೋಟಿ ಪೌಂಡ್ ಕೊಟ್ಟು, ಮೇಲೆ 1.5 ಕೋಟಿವರೆಗೆ ಷರತ್ತಿನ ಹಣಕ್ಕೂ ಒಪ್ಪಿತು. ಗೇಮ್‌ನಲ್ಲಿ ನೀವು ಮಾಡಬೇಕಾದ್ದೂ ಇದನ್ನೇ. ಸೀಸನ್ ನಡುವೆ ಬಂದ ಆಫರ್‌ಗೆ ಬೇಡ ಅನ್ನಿ, ಸಂಬಳ ಜಾಸ್ತಿ ಮಾಡಿ ಕಾಂಟ್ರ್ಯಾಕ್ಟ್ ಉದ್ದ ಮಾಡಿಕೊಳ್ಳಿ, ಬೇಸಿಗೆಯಲ್ಲಿ ಇಬ್ಬರು ಕೊಳ್ಳುವವರು ಬರುವ ಹಾಗೆ ನೋಡಿಕೊಳ್ಳಿ. ಸಹಿ ಹಾಕಿಸುವಾಗ ಏಜೆಂಟ್ ಕಡಿಮೆ ಮೊತ್ತದ ರಿಲೀಸ್ ಕ್ಲಾಸ್ (ಅಷ್ಟು ಮೊತ್ತ ಯಾರು ಕೊಟ್ಟರೂ ಬಿಡಲೇಬೇಕು ಅನ್ನುವ ಷರತ್ತು) ಸೇರಿಸಲು ನೋಡುತ್ತಾನೆ, ಅದಕ್ಕೆ ಮಾತ್ರ ಒಪ್ಪಬೇಡಿ. ತೀರಾ ಅನಿವಾರ್ಯವಾದರೆ, ಆ ದುಡ್ಡು ಬಂದರೆ ನಗುತ್ತಾ ಮಾರುತ್ತೀರಿ ಅನ್ನುವಷ್ಟು ದೊಡ್ಡ ಮೊತ್ತ ಬರೆಸಿ.

ಇನ್ನು ಬದಲಿ ಆಟಗಾರನ ವಿಷಯ. ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಲೆಸ್ಟರ್ 2016ರಲ್ಲಿ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಗೆದ್ದಾಗ ಎಲ್ಲರ ಬಾಯಲ್ಲಿ ಇದ್ದದ್ದು ಗೋಲು ಹೊಡೆದ ವಾರ್ಡಿ ಮತ್ತು ಮಹ್ರೇಝ್. ಇಬ್ಬರೂ ಉಳಿದರು. ಹೋದವನು ಮಿಡ್‌ಫೀಲ್ಡರ್ ಕಾಂಟೆ, ಚೆಲ್ಸಿಗೆ. ಮುಂದಿನ ಸೀಸನ್‌ನಲ್ಲಿ ಚೆಲ್ಸಿ ಚಾಂಪಿಯನ್ ಆಯಿತು, ಲೆಸ್ಟರ್ 12ನೇ ಸ್ಥಾನಕ್ಕೆ ಕುಸಿಯಿತು. ಕಾಂಟೆಯ ಕೆಲಸ ಮಾಡಬಲ್ಲ ಎನ್‌ಡಿಡಿ ಬಂದದ್ದು ಜನವರಿಯಲ್ಲಿ, ಅಷ್ಟು ಹೊತ್ತಿಗೆ ಅರ್ಧ ಸೀಸನ್ ಮುಗಿದಿತ್ತು. ಹಾಗಾಗಿ ನಿಮ್ಮ ತಂಡದ ಸ್ಟಾರ್ ಯಾರು ಅಂತ ಗೋಲಿನ ಪಟ್ಟಿ ನೋಡಿ ಹೇಳಬೇಡಿ. ಆಫರ್ ಬಂದಿರುವ ಆಟಗಾರ ಗಾಯಗೊಂಡು ಹೊರಗಿದ್ದ ಪಂದ್ಯಗಳ ಫಲಿತಾಂಶ ತೆಗೆದು ನೋಡಿ, ಗೇಮ್‌ನ ಅಂಕಿಅಂಶದ ಪುಟ ಡೇಟಾ ಹಬ್‌ನಲ್ಲಿ ಚೆಂಡು ಕಸಿಯುವವರು ಯಾರು, ಮುಂದಕ್ಕೆ ಪಾಸ್ ಕೊಡುವವರು ಯಾರು ಅಂತ ನೋಡಿ. ಅವನಿಲ್ಲದೆಯೂ ತಂಡ ಗೆಲ್ಲುತ್ತಿದ್ದರೆ, ಅವನು ಎಷ್ಟೇ ಹೆಸರುವಾಸಿ ಆಗಿದ್ದರೂ ಮಾರುವುದರಲ್ಲಿ ಭಯ ಇಲ್ಲ.

ಬಂದ ದುಡ್ಡನ್ನು ಖರ್ಚು ಮಾಡುವುದರಲ್ಲೂ ಎರಡು ದಾರಿ ಇದೆ. ಟಾಟನ್‌ಹ್ಯಾಮ್ 2013ರಲ್ಲಿ ಗ್ಯಾರೆತ್ ಬೇಲ್‌ನನ್ನು ಮ್ಯಾಡ್ರಿಡ್‌ಗೆ ಮಾರಿ ಆ ಬೇಸಿಗೆಯಲ್ಲಿ ಏಳು ಜನರನ್ನು ತಂದಿತು. ಅವರಲ್ಲಿ ನಿಜವಾಗಿ ದೊಡ್ಡ ಆಟಗಾರನಾಗಿ ಬೆಳೆದವನು ಎರಿಕ್ಸನ್. ಮ್ಯಾನೇಜರ್ ಡಿಸೆಂಬರ್‌ನಲ್ಲೇ ಕೆಲಸ ಕಳೆದುಕೊಂಡರು. ಲಿವರ್‌ಪೂಲ್ 2018ರ ಜನವರಿಯಲ್ಲಿ ಕುಟಿನ್ಯೊನನ್ನು ಬಾರ್ಸಿಲೋನಾಗೆ ಮಾರಿದಾಗ ಇನ್ನೊಬ್ಬ ಕುಟಿನ್ಯೊನನ್ನು ಹುಡುಕುತ್ತಾ ಕೂರಲಿಲ್ಲ. ಮಾರಾಟಕ್ಕೆ ಸ್ವಲ್ಪ ಮೊದಲೇ ಡಿಫೆನ್ಸ್‌ಗೆ ವ್ಯಾನ್ ಡೈಕ್ ಜೊತೆ ಒಪ್ಪಂದ ಮುಗಿದಿತ್ತು, ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಬಂದ. 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಹೋದವನ ಜಾಗಕ್ಕೆ ಬೆಂಚ್‌ನಲ್ಲೇ ಒಬ್ಬ ಇದ್ದಾನಾ, ತಂಡದಲ್ಲಿ ಎಲ್ಲಿ ಸೋರುತ್ತಿದೆ, ಇವೆರಡನ್ನು ನೋಡಿ ಒಂದೆರಡು ಜಾಗಕ್ಕೆ ಮಾತ್ರ ದುಡ್ಡು ಹಾಕಿ. ಒಂದೇ ಬೇಸಿಗೆಯಲ್ಲಿ ಏಳು ಹೊಸ ಮುಖ ಬಂದರೆ ಗೇಮ್‌ನಲ್ಲೂ ತಂಡ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ವಯಸ್ಸಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಓಟವನ್ನೇ ನಂಬಿದ ವಿಂಗರ್ ಮತ್ತು ಫುಲ್‌ಬ್ಯಾಕ್‌ಗಳು (ಅಂಚಿನ ಡಿಫೆಂಡರ್‌ಗಳು) 30 ದಾಟುತ್ತಿದ್ದಂತೆ ಪೇಸ್ (ಓಟದ ವೇಗ), ಆಕ್ಸಿಲರೇಷನ್ (ಬೇಗ ವೇಗ ಹಿಡಿಯುವ ಶಕ್ತಿ) ಕಳೆದುಕೊಳ್ಳಲು ಶುರು ಮಾಡುತ್ತಾರೆ. ಅವರನ್ನು 28, 29ರಲ್ಲೇ ಮಾರುವುದು ಒಳ್ಳೆಯದು. ಗೋಲ್‌ಕೀಪರ್‌ಗಳು, ಸರಿಯಾದ ಜಾಗದಲ್ಲಿ ನಿಲ್ಲುವುದು (ಪೊಸಿಷನಿಂಗ್) ಚೆನ್ನಾಗಿರುವ ಸೆಂಟರ್‌ಬ್ಯಾಕ್‌ಗಳು (ನಡುವಿನ ಡಿಫೆಂಡರ್‌ಗಳು) ಇನ್ನೂ ಹಲವು ವರ್ಷ ಬಾಳುತ್ತಾರೆ.

ಈಗ ಮೊತ್ತ ನೋಡಿ. ಪ್ರೊಫೈಲ್‌ನಲ್ಲಿ ಕಾಣುವ ಬೆಲೆ ಬರೀ ಅಂದಾಜು, ಅದೇ ನಿಮ್ಮ ಬೆಲೆ ಆಗಬೇಕಿಲ್ಲ. ಬದಲಿ ಆಟಗಾರನಿಗೆ ಕೊಡಬೇಕಾದ ದುಡ್ಡು, ಅವನ ಸಂಬಳ, ಏಜೆಂಟ್ ಫೀ ಎಲ್ಲ ಕೂಡಿಸಿ, ಅದರ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದು ಲೆಕ್ಕ. ಮಾರಿದ ದುಡ್ಡಿನಲ್ಲಿ ಎಷ್ಟು ಶೇಕಡಾ ನಿಮ್ಮ ಬಜೆಟ್‌ಗೆ ಬರುತ್ತದೆ ಅಂತ ಫೈನಾನ್ಸ್ ಪುಟದಲ್ಲಿ ಮೊದಲೇ ನೋಡಿಕೊಳ್ಳಿ. ಬೋರ್ಡ್ ಅರ್ಧ ಇಟ್ಟುಕೊಳ್ಳುವುದಾದರೆ 4 ಕೋಟಿಗೆ ಮಾರಿದರೂ ನಿಮ್ಮ ಕೈಗೆ ಬರುವುದು 2 ಕೋಟಿ. ಅದರಲ್ಲಿ ಅಂಥ ಆಟಗಾರ ಸಿಗುತ್ತಾನಾ? ಕಂತಿನ ಆಫರ್ ಆದರೆ ಮೊದಲ ವರ್ಷ ಎಷ್ಟು ಬರುತ್ತದೆ ಅಂತಲೂ ನೋಡಿ. ಮಾರಲು ಒಪ್ಪುವ ಮೊತ್ತವನ್ನು ಟ್ರಾನ್ಸ್‌ಫರ್ ವಿಂಡೋ (ಆಟಗಾರರನ್ನು ಕೊಳ್ಳುವ, ಮಾರುವ ಅವಧಿ) ತೆರೆಯುವ ಮೊದಲೇ ಬರೆದಿಡಿ, ತಂಡದ ಯೋಜನೆ ಹಾಕುವ ಸ್ಕ್ವಾಡ್ ಪ್ಲಾನರ್‌ನಲ್ಲಿ ಬದಲಿಗೆ ಎರಡು ಮೂರು ಹೆಸರು ಹಾಕಿಡಿ. ಆಫರ್ ಎದುರಿಗೆ ಬಂದ ಮೇಲೆ ಯೋಚಿಸಲು ಕೂತರೆ ದೊಡ್ಡ ಅಂಕಿ ಮನಸ್ಸು ಕೆಡಿಸುತ್ತದೆ.

ಆಟಗಾರನೇ ಹೋಗಬೇಕು ಅಂತ ಹಟ ಹಿಡಿದರೆ? ಅವನು ಡ್ರೆಸ್ಸಿಂಗ್ ರೂಮಿನ ಟೀಮ್ ಲೀಡರ್ ಆಗಿದ್ದರೆ ಹುಷಾರು, ಅವನ ಬೇಸರ ಅವನ ಗುಂಪಿಗೆಲ್ಲ ಹರಡುತ್ತದೆ. ಇಷ್ಟು ಮೊತ್ತ ಬಂದರೆ ಬಿಡುತ್ತೇನೆ ಅಂತ ಮಾತು ಕೊಡಬಹುದು, ಆದರೆ ಕೊಟ್ಟ ಮೇಲೆ ಉಳಿಸಿಕೊಳ್ಳಲೇಬೇಕು. ಉಳಿಸಿಕೊಳ್ಳದಿದ್ದರೆ ಉಳಿದವರೂ ನಿಮ್ಮನ್ನು ನಂಬುವುದಿಲ್ಲ. ಮಾರಿದರೂ ನಿಮ್ಮದೇ ಲೀಗ್‌ನಲ್ಲಿ ಪಟ್ಟಕ್ಕೆ ಪೈಪೋಟಿ ಕೊಡುವ ತಂಡಕ್ಕೆ ಮಾತ್ರ ಬೇಡ, ವಿದೇಶದ ಕ್ಲಬ್ ಸ್ವಲ್ಪ ಕಡಿಮೆ ಕೊಟ್ಟರೂ ಅದೇ ವಾಸಿ.

ಅವನು 23ರ ಒಳಗಿನವನಾಗಿದ್ದರೆ ಕೊಂಡ ಕ್ಲಬ್ ಮುಂದೆ ಅವನನ್ನು ಮಾರಿದಾಗ ಬರುವ ಲಾಭದಲ್ಲಿ ಶೇಕಡಾ 15 ಅಥವಾ 20 ಪಾಲು ಕೇಳಿ. ದೊಡ್ಡ ಕ್ಲಬ್‌ಗಳು ಮೊತ್ತದ ಮೇಲೆ ಚೌಕಾಸಿ ಮಾಡಿದರೂ ಇದಕ್ಕೆ ಎಷ್ಟೋ ಸಲ ಒಪ್ಪಿಬಿಡುತ್ತವೆ. ಬದಲಿ ಆಟಗಾರನ ಮಾತುಕತೆ ಒಂದು ಹಂತಕ್ಕೆ ಬರುವ ತನಕ ಮಾರಾಟದ ಕೊನೆಯ ಒಪ್ಪಿಗೆ ಕೊಡಬೇಡಿ.