ಹಳೆಯ ಕಾರಿನ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವುದು

ಹುಬ್ಬಳ್ಳಿ-ಧಾರವಾಡದ ಕಡೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಇಂದಿಗೂ ಜೋಪಾನ ಮಾಡಿಕೊಂಡು ಬಂದಿರುವವರಿಗೆ ಪಾಯಿಂಟಿನ (ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಸಣ್ಣ ಸ್ವಿಚ್ಚಿನ) ಕಿರಿಕಿರಿ ಹೊಸದಲ್ಲ. ಪಾಯಿಂಟ್ ತೆರೆದುಕೊಳ್ಳುವಾಗ ಹಾರುವ ಸಣ್ಣ ಕಿಡಿಯಿಂದ ಅದರ ಮುಖ ಸುಡುತ್ತಾ ಹೋಗುತ್ತದೆ. ಪಾಯಿಂಟನ್ನು ತೆರೆಯುವ ತಿರುಗುವ ಉಬ್ಬಾದ ಕ್ಯಾಮಿಗೆ ಉಜ್ಜಿಕೊಳ್ಳುವ ಅದರ ಫೈಬರ್ ತುಂಡು ಸವೆದಂತೆಲ್ಲ ಗ್ಯಾಪ್ ಕಿರಿದಾಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಪಾಯಿಂಟಿನ ಜಾಗದಲ್ಲಿ ಅಯಸ್ಕಾಂತದ ಉಂಗುರ ಮತ್ತು ಅದನ್ನು ಗುರುತಿಸುವ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಘಟಕ ಕೂರಿಸಿದರೆ ಈ ಎರಡೂ ತೊಂದರೆಗಳು ಇಲ್ಲವಾಗುತ್ತವೆ. ಆದರೆ ಸವೆದ ಡಿಸ್ಟ್ರಿಬ್ಯೂಟರನ್ನು (ಪಾಯಿಂಟ್ ಕೂತಿರುವ, ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗವನ್ನು) ಯಾವ ಮಾಡ್ಯೂಲೂ ಹೊಸದು ಮಾಡಲಾರದು. ಆದ್ದರಿಂದ ಮೊದಲು ಅದರ ಶಾಫ್ಟನ್ನು ಅಡ್ಡಡ್ಡ ಅಲುಗಾಡಿಸಿ ನೋಡಬೇಕು, ಕ್ಯಾಪಿನೊಳಗೆ ಬಿರುಕು ಇದೆಯೇ ಎಂದು ಪರೀಕ್ಷಿಸಬೇಕು.

ಕಿಟ್ ಕೊಳ್ಳುವಾಗ ಕಾರಿನ ಹೆಸರಿಗಿಂತ ಡಿಸ್ಟ್ರಿಬ್ಯೂಟರಿನ ಮೈಮೇಲೆ ಕೊರೆದಿರುವ ಸಂಖ್ಯೆಯನ್ನು ನಂಬುವುದು ಮೇಲು, ಏಕೆಂದರೆ ಇಷ್ಟು ವರ್ಷಗಳಲ್ಲಿ ಯಾವ ಗ್ಯಾರೇಜಿನವರು ಯಾವುದನ್ನು ಬದಲಿಸಿದ್ದಾರೋ ಹೇಳಬರುವುದಿಲ್ಲ. ತೀರ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಗಾಡಿಯ ಮೈಗೆ ಅರ್ಥ್ ಆಗಿರುತ್ತದೆ. ಅಂಥವಕ್ಕೆ ಬೇರೆ ಕಿಟ್ ಬೇಕು.

ಹೆಚ್ಚು ಮಾಡ್ಯೂಲುಗಳು ಸುಡುವುದು ಕಾಯಿಲಿನ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿಯ) ವಿಷಯದಲ್ಲಿ ತೋರಿದ ಅಸಡ್ಡೆಯಿಂದ. ಕಾಯಿಲಿನ ತಂತಿಗಳನ್ನು ಬಿಚ್ಚಿ, ಅದರ ಎರಡು ಸಣ್ಣ ತುದಿಗಳ ನಡುವೆ ಮೀಟರ್ ಹಿಡಿದರೆ ಸಾಮಾನ್ಯ 12 ವೋಲ್ಟ್ ಕಾಯಿಲು ಸುಮಾರು 3 ಓಮ್ ತೋರಿಸುತ್ತದೆ, ಅಂದರೆ ಹರಿಯುವ ಕರೆಂಟು 4 ಆಂಪಿಯರಿನಷ್ಟು. 1.5 ಓಮ್ ತೋರಿಸಿದರೆ ಅದು ಕರೆಂಟಿಗೆ ಮಿತಿ ಹಾಕುವ ಬ್ಯಾಲಸ್ಟ್ ರೆಸಿಸ್ಟರಿನೊಂದಿಗೆ ಬಳಸುವ ಕಾಯಿಲು. ರೆಸಿಸ್ಟರ್ ಇಲ್ಲದೆ ಜೋಡಿಸಿದರೆ ಕರೆಂಟು ಇಮ್ಮಡಿಯಾಗುತ್ತದೆ. ರೆಸಿಸ್ಟರ್ ಇರುವ ಗಾಡಿಯಲ್ಲಿ ಮಾಡ್ಯೂಲಿನ ಕೆಂಪು ತಂತಿಯನ್ನು ಕಾಯಿಲಿಗೆ ಕೊಡದೆ, ರೆಸಿಸ್ಟರಿಗಿಂತ ಮೊದಲೇ, ಸ್ವಿಚ್ಚಿನ ಕಡೆಯಿಂದ ಪೂರ್ಣ 12 ವೋಲ್ಟ್ ಸಿಗುವಲ್ಲಿ ಜೋಡಿಸಬೇಕು. ಉಳಿದವುಗಳಲ್ಲಿ ಕೆಂಪು ತಂತಿ ಕಾಯಿಲಿನ ಪಾಸಿಟಿವ್‌ಗೆ, ಕಪ್ಪು ತಂತಿ ನೆಗೆಟಿವ್‌ಗೆ ಹೋಗುವುದು ರೂಢಿ. ಆದರೂ ಕಿಟ್ಟಿನ ಚೀಟಿಯನ್ನು ಓದದೆ ಜೋಡಿಸಬಾರದು.

ಬ್ಯಾಟರಿ ಬಿಚ್ಚಿ, ಕ್ಯಾಪಿನ ಕೆಳಗೆ ತಿರುಗುವ ರೋಟರ್ ನಿಂತ ದಿಕ್ಕನ್ನು ಗುರುತು ಮಾಡಿಕೊಂಡು, ಪಾಯಿಂಟ್ ಮತ್ತು ಅದರ ಕಿಡಿಯನ್ನು ತಗ್ಗಿಸುವ ಕಂಡೆನ್ಸರ್ ತೆಗೆಯಿರಿ. ಬೇಸ್ ಪ್ಲೇಟಿನ ಸಣ್ಣ ಅರ್ಥ್ ತಂತಿಯನ್ನು ಮಾತ್ರ ಎಸೆಯಬೇಡಿ. ಎಂಜಿನ್ನಿನ ವ್ಯಾಕ್ಯೂಮಿಗೆ (ಹೀರುವ ಸೆಳೆತಕ್ಕೆ) ಪ್ಲೇಟ್ ತಿರುಗುತ್ತಿರುವುದರಿಂದ ಮಾಡ್ಯೂಲಿಗೆ ಭದ್ರವಾದ ಅರ್ಥ್ ಸಿಗುವುದು ಅದರಿಂದಲೇ. ತಾಮ್ರದೆಳೆಯ ಪ್ಲಗ್ ವಯರುಗಳಿದ್ದರೆ ಕಾರ್ಬನ್ ಎಳೆಯವನ್ನು ಹಾಕಿಸಿ.

ಟೈಮಿಂಗನ್ನು ಹೊಸದಾಗಿ ಹೊಂದಿಸಲೇಬೇಕು. ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಎಂಜಿನ್ ಐಡಲಿನಲ್ಲಿರುವಾಗ ಕಿಡಿಯೊಂದಿಗೆ ಮಿನುಗುವ ಸ್ಟ್ರೋಬ್ ಲೈಟ್ ಹಿಡಿದು, ಕಾರಿನ ಮ್ಯಾನ್ಯುಯಲ್ ಹೇಳುವ ಡಿಗ್ರಿಗೆ ತನ್ನಿರಿ. ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಮಾಡಿ ಬಿಟ್ಟು ಹೋಗುವ ಅಭ್ಯಾಸವಿದ್ದರೆ ಇಂದೇ ಬಿಡಬೇಕು. ಅನೇಕ ಮಾಡ್ಯೂಲುಗಳು ಅದನ್ನು ತಾಳುವುದಿಲ್ಲ.

ಪಾಯಿಂಟ್ ಕೆಡುವ ಮುನ್ನ ಸೂಚನೆ ಕೊಡುತ್ತದೆ, ಮಾಡ್ಯೂಲ್ ಒಮ್ಮೆಲೇ ಕೈಕೊಡುತ್ತದೆ. ಅಣ್ಣಿಗೇರಿ ದಾಟಿ ಗದಗಿನ ಕಡೆ ಹೊರಟಾಗ ನಡುದಾರಿಯಲ್ಲಿ ಗಾಡಿ ನಿಂತರೆ ಮಾಡ್ಯೂಲ್ ಸಿಗುವುದು ಕಷ್ಟ. ಆದುದರಿಂದ ತೆಗೆದ ಪಾಯಿಂಟ್, ಕಂಡೆನ್ಸರ್ ಚೆನ್ನಾಗಿದ್ದರೆ ಅವನ್ನೂ ಗ್ಯಾಪ್ ಅಳೆಯುವ ಫೀಲರ್ ಗೇಜನ್ನೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ಅಂಬಾಸಿಡರಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ನಿಗಾದರೆ ಗ್ಯಾಪ್ 0.35ರಿಂದ 0.40 ಮಿ.ಮೀ.